ಮಾತಾಡದೆ ದಾಟುವ ಸೇತುವೆ

"ಮೆಲ್ಲಗೆ, ಮೆಲ್ಲಗೆ! ತಲೆ ಕಡೆ ಸ್ವಲ್ಪ ಎತ್ತಿ," ಎಂದು ಮೈದುನ ಏದುಸಿರು ಬಿಟ್ಟ. ನಾಲ್ವರು ಸೇರಿ ಹೆಣವನ್ನು ಸ್ಟ್ರೆಚರ್ ಸಮೇತ ವ್ಯಾನಿನಿಂದ ಇಳಿಸಿದರು. ಹಳೆಯ ಕಲ್ಲುಸೇತುವೆಯ ಮೇಲೆ ವಾಹನ ಬಿಡುವುದಿಲ್ಲ. ಚಿತಾಗಾರ ಇರುವುದು ಆಚೆ ದಡದಲ್ಲಿ, ಸೇತುವೆ ಮುಗಿದಲ್ಲೇ.

"ಹೊಸ ಸೇತುವೆ ಮೇಲೆ ಹೋಗಿದ್ರೆ ವ್ಯಾನ್ ಸೀದಾ ಬಾಗಿಲಿಗೇ ಹೋಗ್ತಿತ್ತು ಅತ್ತಿಗೆ. ನನ್ನ ಸೊಂಟ ನನ್ನ ಮಾತೇ ಕೇಳಲ್ಲ."

"ನಿಮ್ಮಣ್ಣ ದಿನಾ ನಡೆದ ದಾರಿ ಕಣಪ್ಪ. ಇವತ್ತೊಂದಿನ ಹೊತ್ಕೊ."

ಅವಳಿಗೆ ಆ ದಾರಿ ಬೇಕಾಗಿದ್ದು ಬೇರೆ ಕಾರಣಕ್ಕೆ. ಬೆಳಗಿನಿಂದ ಮನೆತುಂಬ ಜನವೋ ಜನ. ಗಂಡನ ಹತ್ತಿರ ಒಂದು ಮಾತಾಡಲೂ ಬಿಟ್ಟಿರಲಿಲ್ಲ. ಪಕ್ಕದಲ್ಲಿ ನಡೆಯುತ್ತಲೇ ಎದೆಯಲ್ಲಿದ್ದದ್ದನ್ನೆಲ್ಲ ಹೇಳಿಬಿಡಬೇಕು. ಆಮೇಲೆ ಬಾಗಿಲು ಮುಚ್ಚಿಬಿಡುತ್ತಾರೆ.

*

ಅವಳ ಗಂಡ ಈ ಸೇತುವೆಯ ಗೈಡ್ ಆಗಿದ್ದ. ಕಟ್ಟಿಸಿದ ರಾಜ, ಕುಸಿದ ಕಮಾನು, ಮುಳುಗಿದ ದೋಣಿ ಎಂದು ದಿನವಿಡೀ ಅದನ್ನೇ ಹೇಳಿ ಹೇಳಿ, ಗಂಟಲು ಕಟ್ಟಿಕೊಂಡು ಮನೆಗೆ ಬರುತ್ತಿದ್ದ. ಅವಳು ಬಾಯಿ ತೆರೆದರೆ ಸಾಕು, ಅಂಗೈ ಎತ್ತುತ್ತಿದ್ದ. "ನಾಳೆ." ಸೋರುವ ನಲ್ಲಿಗೂ ನಾಳೆ, ಮಗಳ ಮದುವೆಗೂ ನಾಳೆ, ಅವಳ ಎದೆನೋವಿಗೂ ನಾಳೆ. ಕಂಡವರಿಗೆಲ್ಲ ಮಾತಿನ ಮಲ್ಲ, ಮನೆಯಲ್ಲಿ ತುಟಿಪಿಟಕ್ ಎನ್ನದ ಮನುಷ್ಯ. ಅವಳಿಗೆ ಮೈಯೆಲ್ಲ ಉರಿಯುತ್ತಿತ್ತು.

ಒಂದು ಸಂಜೆ ಮಾತ್ರ ನಗುನಗುತ್ತಾ ಬಂದಿದ್ದ.

"ಇವತ್ತು ಸ್ವರಾನೇ ಹೊರಡ್ಲಿಲ್ಲ ಕಣೇ. ಈ ಸೇತುವೇನ ಮಾತಾಡದೆ ದಾಟಿದ ಜೋಡಿ ಕೊನೇವರೆಗೂ ಜೊತೆಗಿರತ್ತೆ, ಹಿಂದಿನವರ ಕಾಲದ ಪದ್ಧತಿ ಅಂತ ಬುರುಡೆ ಬಿಟ್ಟೆ. ಬಂದಿದ್ದ ಜೋಡಿಗಳು ನಂಬಿಬಿಟ್ರು! ಕೈಕೈ ಹಿಡ್ಕೊಂಡು ಸುಮ್ನೆ ದಾಟಿದ್ರು. ಎಂಥಾ ನೆಮ್ಮದಿ ಅಂತೀಯ!"

"ನಾಚಿಕೆ ಆಗ್ಬೇಕು ನಿಮ್ಗೆ," ಎಂದು ಅವಳೂ ನಕ್ಕಿದ್ದಳು.

ಬುರುಡೆ ಬೇರು ಬಿಟ್ಟಿತು. ಉಳಿದ ಗೈಡ್‌ಗಳೂ ಅದನ್ನೇ ಹೇಳತೊಡಗಿದರು. ಹೊಸದಾಗಿ ಮದುವೆಯಾದವರು ಹುಡುಕಿಕೊಂಡು ಬಂದರು. "ನಾವೂ ಒಂದ್ಸಲ ದಾಟೋಣ ಬಾರೇ," ಎಂದು ಆತ ಕರೆದಾಗಲೆಲ್ಲ ಅವಳದು ಒಂದೇ ಉತ್ತರ: "ಮನೇಲಿ ಸುಮ್ನಿರೋದು ಸಾಲ್ದು ಅಂತ ಅಲ್ಲೂ ಬಂದು ಸುಮ್ನಿರ್ಲಾ?"

*

ಮೊದಲ ಕಮಾನು ದಾಟುತ್ತಲೇ ಅವಳು ಶುರುಮಾಡಿದಳು. "ಕೇಳಿಸ್ಕೊಳ್ಳಿ. ಇವತ್ತು ಮಾತ್ರ 'ನಾಳೆ' ಅನ್ನೋಕಾಗಲ್ಲ ನಿಮ್ಗೆ. ನಾನೊಬ್ಳು ಮನೇಲಿ..."

ಪ್ರವಾಸಿಗರ ಗುಂಪನ್ನು ಬದಿಗೆ ಸರಿಸಿ ನಿಂತಿದ್ದ ಹೊಸ ಗೈಡ್ ಹುಡುಗಿ ತುಟಿಯ ಮೇಲೆ ಬೆರಳಿಟ್ಟಳು. ಸತ್ತವರು ಯಾರೆಂದು ಅವಳಿಗೆ ಗೊತ್ತಿದ್ದಂತಿರಲಿಲ್ಲ. "ತಪ್ಪು ತಿಳ್ಕೋಬೇಡಿ ಅಮ್ಮಾ," ಎಂದು ಪಿಸುಗುಟ್ಟಿದಳು. "ಇಲ್ಲಿ ಮಾತಾಡಬಾರ್ದು. ಹಿಂದಿನವರ ಕಾಲದ ಪದ್ಧತಿ."

"ಏನ್ರೀ, ಸಾವಿನ ಮನೆಯವ್ರಿಗೂ ಪದ್ಧತಿ ಹೇಳ್ತೀರಾ?" ಎಂದು ಮಗಳು ರೇಗಿದಳು.

ಇದು ನನ್ನ ಗಂಡ ಬಿಟ್ಟ ಬುರುಡೆ ಕಣಮ್ಮ ಎಂಬ ಮಾತು ಹೆಂಡತಿಯ ನಾಲಿಗೆಯ ತುದಿಗೆ ಬಂದಿತ್ತು. ಹುಡುಗಿಯ ಹಿಂದೆ ಒಂದು ಎಳೆಯ ಜೋಡಿ ಕೈಕೈ ಹಿಡಿದು, ಉಸಿರು ಬಿಗಿಹಿಡಿದು ಅವಳನ್ನೇ ನೋಡುತ್ತಿತ್ತು. ಅವಳು ಆ ಮಾತನ್ನು ನುಂಗಿಕೊಂಡಳು. ಮಗಳಿಗೆ ಸುಮ್ಮನಿರುವಂತೆ ಕಣ್ಣಲ್ಲೇ ಹೇಳಿ, ಹೊದಿಕೆಯ ಕೆಳಗೆ ಕೈ ತೂರಿಸಿ ಗಂಡನ ಕೈ ಹಿಡಿದುಕೊಂಡಳು.

ಆಚೆ ದಡದವರೆಗೆ ಹೆಜ್ಜೆಸಪ್ಪಳವೊಂದೇ ಕೇಳುತ್ತಿತ್ತು. ಅಲ್ಲಿ ಎಲ್ಲರೂ ಒಟ್ಟಿಗೇ ಮಾತಾಡತೊಡಗಿದರು. ಮೈದುನ ಸೊಂಟ ಹಿಡಿದುಕೊಂಡು ಬಾಗಿಲು ಯಾವ ಕಡೆ ಎಂದು ಕೂಗಿದ.

"ಅಮ್ಮಾ, ಅಪ್ಪಂಗೆ ಏನೋ ಹೇಳ್ತಿದ್ಯಲ್ಲ, ಈಗ ಹೇಳು," ಎಂದಳು ಮಗಳು. "ಒಳಗೆ ತಗೊಂಡು ಹೋಗ್ತಿದಾರೆ."

ಅವಳು ಆ ತಣ್ಣನೆಯ ಕೈಯನ್ನು ಇನ್ನೂ ಬಿಟ್ಟಿರಲಿಲ್ಲ. ಇನ್ನೊಂದು ಕೈಯ ಅಂಗೈಯನ್ನು ಮಗಳ ಕಡೆಗೆ ಎತ್ತಿದಳು.