ಅಡುಗೆಯಕ್ಕನ ಮಗಳು ಬರೆದದ್ದು

ಶಾಲೆಯ ಬಿಸಿಯೂಟಕ್ಕೆ ಬರುತ್ತಿದ್ದ ಅಕ್ಕಿ ಹುಳ ಹಿಡಿದು ಗೂಡು ಕಟ್ಟಿರುತ್ತಿತ್ತು. ಚೀಲ ಬಿಚ್ಚಿದರೆ ಬಿಳಿ ಹುಳ ಬೆರಳಿಗೇ ಹತ್ತುತ್ತಿತ್ತು. ಅಡುಗೆಯಕ್ಕ ಎಲ್ಲರಿಗಿಂತ ಮೊದಲು ಬಂದು ಅದನ್ನು ಮೂರು ಸಲ ಜರಡಿ ಹಿಡಿಯುತ್ತಿದ್ದಳು. ಆಮೇಲೆ ನಾಲ್ಕು ನೀರಿನಲ್ಲಿ ತೊಳೆದು, ತೇಲಿದ್ದನ್ನೆಲ್ಲ ಬಸಿದು ಚೆಲ್ಲುತ್ತಿದ್ದಳು. ಇನ್ನೂರು ತಟ್ಟೆಗಳಲ್ಲಿ ಒಂದಕ್ಕೂ ಹುಳ ಬೀಳಬಾರದು, ಅದು ಅವಳ ಹಟ. ಆ ಹಟದಿಂದ ಮಕ್ಕಳ ಹೊಟ್ಟೆ ಉಳಿಯಿತು, ದೊಡ್ಡ ಮೇಷ್ಟ್ರ ಮಾನವೂ ಉಳಿಯಿತು. ಯಾಕೆಂದರೆ ಒಳ್ಳೆಯ ಅಕ್ಕಿ ಅವರ ಭಾವಮೈದುನನ ಅಂಗಡಿ ಸೇರುತ್ತಿತ್ತು. ಜವಾನನಾದ ನನಗೂ ಇದು ಗೊತ್ತಿತ್ತು. ಹೊಟ್ಟೆಪಾಡು ನೋಡಿ, ಸುಮ್ಮನಿದ್ದೆ.

ಅವಳ ಮಗಳು ಅದೇ ಶಾಲೆಯಲ್ಲಿ ಒಂಬತ್ತನೇ ತರಗತಿ. ದಿನಾ ಅಮ್ಮನ ಜೊತೆ ಅಕ್ಕಿ ಆರಿಸಿ ಪಾಠಕ್ಕೆ ಹೋಗುವವಳು. ವರಾಂಡದಲ್ಲಿ ಮಕ್ಕಳ ಗೋಡೆ ಪತ್ರಿಕೆ ಇತ್ತು. 'ನಿಮಗೆ ಅನಿಸಿದ್ದನ್ನು ಬರೆಯಿರಿ' ಎಂದು ಅದರ ಮೇಲೆ ದೊಡ್ಡ ಮೇಷ್ಟ್ರೇ ಬಣ್ಣದಲ್ಲಿ ಬರೆಸಿದ್ದರು. ಉಳಿದ ಮಕ್ಕಳು ಜಾಣರು; ಶಿಸ್ತು, ಸ್ವಚ್ಛತೆ, ಗುರುಗಳ ಮಹಿಮೆ ಎಂದು ಬರೆದರು. ಈ ಹುಚ್ಚು ಹುಡುಗಿ ಅನಿಸಿದ್ದನ್ನೇ ಬರೆದುಬಿಟ್ಟಳು: 'ನಮ್ಮ ಅಕ್ಕಿಯ ಚೀಲದಲ್ಲಿ ಹುಳ ಇದೆ. ಒಳ್ಳೆಯ ಅಕ್ಕಿ ಎಲ್ಲಿಗೆ ಹೋಗುತ್ತದೆ?'

ಕಂಡದ್ದನ್ನು ಕಂಡಂತೆ ಹೇಳಿದರೆ ಕೆಂಡದಂಥ ಕೋಪ. ದೊಡ್ಡ ಮೇಷ್ಟ್ರು ಹಾಳೆ ಹರಿಯಲು ನನಗೇ ಹೇಳಿದರು. ಹರಿದೆ. ತಾಯಿ ಮಗಳಿಬ್ಬರನ್ನೂ ಕೋಣೆಗೆ ಕರೆಸಿದರು.

"ನೋಡಮ್ಮ, ಊಟದಲ್ಲಿ ಹುಳ ಅಂತ ನಿನ್ನ ಮಗಳೇ ದೂರು ಕೊಟ್ಟಿದ್ದಾಳೆ. ಅಡುಗೆ ಮಾಡೋಳು ನೀನು. ಈಗ ಯಾರನ್ನ ಮನೆಗೆ ಕಳಿಸ್ಲಿ, ನೀನೇ ಹೇಳು."

"ನಾನು ಅಮ್ಮನ ಮೇಲೆ ಬರೆದಿಲ್ಲ ಸಾರ್. ಚೀಲದ ಬಗ್ಗೆ ಬರೆದೆ," ಎಂದಳು ಹುಡುಗಿ.

ಅವರು ಅವಳ ಕಡೆ ತಿರುಗಿಯೂ ನೋಡಲಿಲ್ಲ. ನಾಳೆ ಮಗಳು ಎಲ್ಲರ ಮುಂದೆ 'ಬರೆದದ್ದು ಸುಳ್ಳು' ಎಂದು ಓದಿ ಸಹಿ ಹಾಕಲಿ, ವಿಷಯ ಅಲ್ಲಿಗೇ ಮುಗಿಯುತ್ತದೆ, ಇಲ್ಲದಿದ್ದರೆ ತಾಯಿಯ ಕೆಲಸ ಇಲ್ಲ ಎಂದರು.

ಆ ಮನೆಯಲ್ಲಿ ದುಡಿಯುವ ಇನ್ನೊಂದು ಕೈ ಇರಲಿಲ್ಲ. ಪಾತ್ರೆ ತೊಳೆಯುವ ನಲ್ಲಿಯ ಹತ್ತಿರ ತಾಯಿ ಮಗಳ ಕೈ ಹಿಡಿದುಕೊಂಡಳು.

"ಒಂದು ಸುಳ್ಳು ಹೇಳಿದ್ರೆ ನಾಲಿಗೆ ಬಿದ್ದುಹೋಗಲ್ಲ ಕಣೇ. ಕೆಲಸ ಹೋದ್ರೆ ಹೊಟ್ಟೆ ಕೇಳುತ್ತಾ?"

"ಹಾಗಾದ್ರೆ ದಿನಾ ನಾವಿಬ್ಬರೂ ಆರಿಸಿದ್ದು ಏನಮ್ಮ?"

ತಾಯಿ ಪಾತ್ರೆ ಉಜ್ಜತೊಡಗಿದಳು.

ಮರುದಿನ ಹುಡುಗಿ ಓದಿದಳು: "ನಾನು ಬರೆದದ್ದು ಸುಳ್ಳು. ಅಕ್ಕಿ ಚೆನ್ನಾಗಿದೆ." ಹಿಂದಿನ ಸಾಲಿಗೆ ಕೇಳಿಸಲಿಲ್ಲ ಎಂದು ಇನ್ನೊಮ್ಮೆ ಓದಿಸಿದರು. ಮತ್ತೂ ಒಮ್ಮೆ ಓದಿಸಿದರು. ಚಪ್ಪಾಳೆ ತಟ್ಟಿ ಎಂದರು, ಮಕ್ಕಳು ತಟ್ಟಿದರು. ನಾನೂ ತಟ್ಟಿದೆ, ಈ ಕೈಗಳಿಗೆ ನಾಚಿಕೆಯಿಲ್ಲ. ಕೆಳಗೆ ಮಗಳು ಸಹಿ ಹಾಕಿದಳು, ತಾಯಿ ಹೆಬ್ಬೆಟ್ಟು ಒತ್ತಿದಳು.

ಮಧ್ಯಾಹ್ನವೇ ಆದೇಶ ಬಂತು. ಅಡುಗೆಯಕ್ಕನಿಗೆ ಓದು ಬಾರದು, ನಾನೇ ಓದಿ ಹೇಳಬೇಕಾಯಿತು. ಶಾಲೆಯ ಹೆಸರು ಕೆಡಿಸಲು ಅಡುಗೆಯವಳೇ ಮಗಳ ಕೈಯಲ್ಲಿ ಸುಳ್ಳು ಬರೆಸಿದ್ದಾಳೆ, ಇಬ್ಬರೂ ಒಪ್ಪಿಕೊಂಡ ಪತ್ರ ಲಗತ್ತಿಸಿದೆ, ಆದ್ದರಿಂದ ಇವಳನ್ನು ಕೆಲಸದಿಂದ ತೆಗೆಯಲಾಗಿದೆ.

ಅಡುಗೆಯಕ್ಕ ಜರಡಿ ಕೊಡವಿ ಗೋಡೆಗೆ ಒರಗಿಸಿದಳು.

"ಕೆಲಸ ಹೇಗೂ ಹೋಗೋದಿತ್ತು ಅಣ್ಣ. ಮಗಳ ಬಾಯಲ್ಲಿದ್ದ ನಿಜಾನಾದ್ರೂ ನಾನು ಉಳಿಸಬಹುದಿತ್ತು."

ಮರುದಿನ ಹೊಸಬಳು ಬಂದಳು. ದೊಡ್ಡ ಮೇಷ್ಟ್ರ ಕಡೆಯವಳು. ಚೀಲವನ್ನು ಹಾಗೇ ಹಂಡೆಗೆ ಸುರಿದಳು. ಊಟಕ್ಕೆ ಕೂತ ಮಕ್ಕಳು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅಡುಗೆಯಕ್ಕನ ಮಗಳ ಪಕ್ಕದಲ್ಲಿ ಒಂದನೇ ತರಗತಿಯ ಪುಟ್ಟಿಯೊಬ್ಬಳು ಕೂತಿದ್ದಳು. ಅನ್ನದಲ್ಲಿ ಬಿಳಿಯದೇನನ್ನೋ ಬೆರಳಲ್ಲಿ ತೋರಿಸಿದಳು.

"ಅಕ್ಕಾ, ಇದು ಹುಳ ಅಲ್ವಾ?"

ಹುಡುಗಿ ಬಾಗಿಲಲ್ಲಿ ನಿಂತಿದ್ದ ದೊಡ್ಡ ಮೇಷ್ಟ್ರನ್ನು ನೋಡಿದಳು. ನನ್ನನ್ನು ನೋಡಿದಳು. ನಾನು ತಲೆ ತಗ್ಗಿಸಿದೆ.

"ಅಲ್ಲ, ತಿನ್ನು," ಎಂದಳು.

ಮಗು ತಿಂದಿತು.