ಗುಡ್ಡ ಹತ್ತಿದ ಹೊಳೆ

ನಾನು ಪ್ರೀತಿ, ವಾಡಿಯ ರೈಲ್ವೆ ಕ್ವಾರ್ಟರ್ಸಿನವಳು. ಭಾನುವಾರ ಮಧ್ಯಾಹ್ನ ನಮ್ಮ ಪಡಸಾಲೆಯಲ್ಲಿ ಆಟ. ಒಬ್ಬರು ಕಥೆ ನಡೆಸಬೇಕು, ಉಳಿದವರು ಅದರೊಳಗೆ ವೀರರಾಗಿ, ಮಾಂತ್ರಿಕರಾಗಿ ದಾಳ ಉರುಳಿಸಬೇಕು. ನಡೆಸುವವಳು ನಾನು. ಆದರೆ ಎರಡು ವಾರ ಆಟ ಅರ್ಧಕ್ಕೇ ನಿಂತದ್ದಕ್ಕೆ ಶಹಾಬಾದಿನ ಫರ್ಹಾನ್ ಖಡಾಖಂಡಿತ ಹೇಳಿದ್ದ, "ಈ ಸಲಾನೂ ನಿಂತ್ರ ಕುರ್ಚಿ ಬಿಡು. ನಾ ನಡಸ್ತೀನಿ." ಆ ಕುರ್ಚಿ ಬಿಡುವುದಕ್ಕಿಂತ ವಾಡಿ ಬಿಡುವುದು ನನಗೆ ಸುಲಭ.

ಅದಕ್ಕೇ ವಾರವಿಡೀ ಕೂತು ಆನ್‌ಲೈನಿನಲ್ಲಿ ಹೊಸ ನಕ್ಷೆ ಮಾಡಿದೆ. ಪುಕ್ಕಟೆ ಸೈಟು. ಮೌಸ್ ಎಳೆದರೆ ಕಾಡು, ಒತ್ತಿದರೆ ಗುಡ್ಡ. ತಲೆಬುರುಡೆಗೇ ಹನ್ನೊಂದು ಚಿತ್ರ ಇಟ್ಟಿದ್ದಾರೆ. ಹನ್ನೊಂದನ್ನೂ ಬಳಸಿದೆ.

ನಮ್ಮ ಆಯಿ, ಅಪ್ಪನ ತಾಯಿ ಹೀರಾಬಾಯಿ, ತೊಗರಿಬೇಳೆ ಹಸನು ಮಾಡುತ್ತ ಲ್ಯಾಪ್‌ಟಾಪಿಗೆ ಇಣುಕಿದಳು. ಅವಳ ಅಪ್ಪ ಅಣವೀರಪ್ಪ ಸೇತುವೆ ಆಗುವವರೆಗೂ ಕಾಗಿಣಾ ಹೊಳೆಯಲ್ಲಿ ಹರಿಗೋಲು ನಡೆಸಿದವನು.

"ಈ ಹೊಳಿ ಎತ್ತ ಹರೀಲಿಕತ್ತದ?"

"ಸಮುದ್ರದಿಂದ ಗುಡ್ಡದ ಕಡಿ."

"ನೀರು ಗುಡ್ಡ ಹತ್ತತದೇನು, ಹುಚ್ಚಿ?"

"ಮಾಯಾ ಹೊಳಿ, ಆಯಿ. ನಿನಗ ತಿಳ್ಯಂಗಿಲ್ಲ."

ಹಾಗಂದದ್ದಕ್ಕೆ ಈಗ ನಾಚಿಕೆಯಾಗುತ್ತದೆ.

ಭಾನುವಾರ ಫರ್ಹಾನ್ ಮತ್ತು ಪಕ್ಕದ ಕ್ವಾರ್ಟರ್ಸಿನ ಅಮರನಾಥ ಬಂದರು. ಹತ್ತೇ ನಿಮಿಷಕ್ಕೆ ಹೊಳೆ ಅಡ್ಡ ಬಂತು. ಡ್ರ್ಯಾಗನ್ನಿನ ಕೋಟೆ ಆಚೆ ದಡದಲ್ಲಿ. ತಲೆಬುರುಡೆ ಇಡುವ ಗಡಿಬಿಡಿಯಲ್ಲಿ ನಾನು ಸೇತುವೆಯನ್ನೇ ಮರೆತಿದ್ದೆ.

"ಇಲ್ಲಿ ರೈಲ್ವೆ ಬ್ರಿಜ್ ಇರಬೇಕಿತ್ತು" ಅಂದ ಅಮರನಾಥ.

"ಈಜಿ ಹೋಗ್ತೀವಿ" ಅಂದ ಫರ್ಹಾನ್.

"ಮೊಸಳಿ ಅದಾವ" ಅಂದೆ. ಯಾಕೆ ಅಂದೆನೋ, ಬಾಯಿಗೆ ಬಂತು.

"ಹಂಗಾರ ಆಟ ಮುಗೀತು. ಕುರ್ಚಿ ಬಿಟ್ಟು ಏಳು."

ಅಳು ಬರುವುದರಲ್ಲಿತ್ತು. ಆಗ ಮೂಲೆಯಿಂದ ಆಯಿಯ ದನಿ ಬಂತು. "ಹರಗೋಲು ಬಂದದ. ಒಬ್ಬೊಬ್ರೇ ಹತ್ರಿ, ಕುಂದ್ರಿ."

ಅಮರನಾಥನ ಮಾಂತ್ರಿಕ ಗಪ್‌ಚುಪ್ ಕೂತ. ಫರ್ಹಾನ್ ಎದೆ ಉಬ್ಬಿಸಿದ. "ನನ್ನ ವೀರ ಯಾರ ಮುಂದೂ ಕುಂದ್ರಂಗಿಲ್ಲ."

"ನಿಂತೀಯಾ? ಹರಗೋಲು ವಾಲಿತು. ನೀ ನೀರಾಗ ಬಿದ್ದಿ."

"ದಾಳ ಹಾಕ್ತೀನ್ರಿ!"

"ಹೊಳಿ ದಾಳ ನೋಡಂಗಿಲ್ಲ. ಮೈಮ್ಯಾಲಿನ ಕಬ್ಬಿಣ ಒಗದ್ರ ಉಳೀತಿ. ಮೊಸಳಿ ಬರಾಕತ್ತದ, ಲಗೂ ಹೇಳು."

ಎರಡು ವರ್ಷ ಆಡಿ ಗಳಿಸಿದ ಉಕ್ಕಿನ ಕವಚವದು. ಫರ್ಹಾನ್ ನಿಜವಾಗಿಯೂ ಬೆವರಿದ. "ಒಗದೆ, ಒಗದೆ!" ಎಂದು ಕೂಗಿದ. ಆಯಿ ಅವನ ರಟ್ಟೆ ಹಿಡಿದು ಹರಿಗೋಲಿಗೆ ಎಳೆದುಕೊಂಡಳು, ಪಡಸಾಲೆಯಲ್ಲೇ, ಕೈಯಾರೆ. ಶಹಾಬಾದಿನ ಮಹಾವೀರ ಡ್ರ್ಯಾಗನ್ನಿನ ಮುಂದೆ ಬರೀ ಬನಿಯನ್ನಿನಲ್ಲಿ ನಿಂತ. ಸಂಜೆವರೆಗೂ ಯಾರೂ ಏಳಲಿಲ್ಲ.

ಹೊರಡುವಾಗ ಫರ್ಹಾನ್ ನನ್ನತ್ತ ನೋಡದೆ ಅಂದ, "ಕುರ್ಚಿ ನಿಂದೇ ಇರ್ಲಿ. ಆದ್ರ ಆಯಿ ಇರಬೇಕು."

ಅವರು ಹೋದ ಮೇಲೆ ನಕ್ಷೆ ತೆರೆದು ಹೊಳೆಯನ್ನು ಸಮುದ್ರದ ಕಡೆ ತಿರುಗಿಸಿದೆ. ಆ ಸೈಟಿನಲ್ಲಿ ಹರಿಗೋಲಿನ ಚಿತ್ರ ಒಂದೂ ಇಲ್ಲ. ಕೊನೆಗೆ ಸಂತೆ ಸಾಮಾನಿನ ಚಿತ್ರಗಳಲ್ಲಿ ಹರಿಗೋಲಿನಂತೆಯೇ ದುಂಡಗಿನ ಒಂದು ಬುಟ್ಟಿ ಸಿಕ್ಕಿತು. ಅದನ್ನು ಈಚೆ ದಡದಲ್ಲಿಟ್ಟು ಕೆಳಗೆ ಬರೆದೆ: ಅಣವೀರಪ್ಪನ ಹರಿಗೋಲು.

ಆಯಿ ಒಂದೊಂದೇ ಅಕ್ಷರ ಕೂಡಿಸಿ ಓದಿದಳು. ಕನ್ನಡಕ ತೆಗೆದು ಸೆರಗಿನಿಂದ ಒರೆಸಿದಳು, ಮತ್ತೆ ಹಾಕಿಕೊಂಡು ಮತ್ತೊಮ್ಮೆ ಓದಿದಳು.

"ನಮ್ಮಪ್ಪ ಆಚೀ ದಂಡಿಗೆ ನಿಲ್ಲತಿದ್ದ" ಅಂದಳು. "ಅತ್ಲಾಗ ಸರಸು."