ಅರವತ್ತು ಡಿಗ್ರಿ

ಲಿನೆಟ್‌ಗೆ ತುರಿಕಜ್ಜಿ ಅಂಟಿದ್ದು ಅವಳು ಕೆಲಸ ಮಾಡುತ್ತಿದ್ದ, ಇಂಗ್ಲೆಂಡಿನ ಗ್ರಿಮ್ಸ್‌ಬಿಯ ವೃದ್ಧಾಶ್ರಮದಲ್ಲಿ. ಕೆಲವೇ ವಾರಗಳಲ್ಲಿ ಗಂಡ ಡೆರಿಕ್‌ಗೂ ಹತ್ತಿತು. ನರ್ಸ್ ಸ್ಪಷ್ಟವಾಗಿ ಹೇಳಿದ್ದಳು: ಇಬ್ಬರೂ ಒಂದೇ ದಿನ ಮೈತುಂಬ ಮುಲಾಮು ಹಚ್ಚಿಕೊಳ್ಳಬೇಕು, ಅದೇ ದಿನ ಹಾಸಿಗೆ ಬಟ್ಟೆ, ಟವೆಲು, ಉಟ್ಟ ಬಟ್ಟೆ ಎಲ್ಲವನ್ನೂ ಅರವತ್ತು ಡಿಗ್ರಿ ಬಿಸಿನೀರಿನಲ್ಲಿ ಒಗೆಯಬೇಕು.

ಶುಕ್ರವಾರ ಇಬ್ಬರೂ ಮುಲಾಮು ಬಳಿದುಕೊಂಡ ಮೇಲೆ ಲಿನೆಟ್ ಅಡುಗೆಮನೆಯ ವಾಷಿಂಗ್ ಮೆಷೀನಿಗೆ ಹೊದಿಕೆಗಳನ್ನು ತುರುಕಿ, ಗುಂಡಿಯನ್ನು ಅರವತ್ತಕ್ಕೆ ತಿರುಗಿಸಿದಳು. ಮುಕ್ಕಾಲು ಗಂಟೆ ಬಿಟ್ಟು ಬಾಗಿಲ ಗಾಜಿಗೆ ಕೈಯಿಟ್ಟರೆ ತಣ್ಣಗೆ ಕೊರೆಯುತ್ತಿತ್ತು.

"ಡೆರಿಕ್, ಇದು ನೀರೇ ಕಾಯಿಸ್ತಿಲ್ಲ!"

"ಹೀಟರ್ ಹೋಗಿರುತ್ತೆ, ನಾನು ನೋಡ್ತೀನಿ ಬಿಡು."

"ರಿಪೇರಿಯವನನ್ನ ಕರೀಲಾ?"

"ಇಪ್ಪತ್ತೆರಡು ವರ್ಷ ಮೀನುಗಾರಿಕೆ ಹಡಗಿನ ಇಂಜಿನ್ ಬಿಚ್ಚಿ ಜೋಡಿಸಿದೀನಿ. ಈ ಡಬ್ಬಕ್ಕೆ ಇನ್ನೊಬ್ಬ ಬೇಕಾ?"

ಲಿನೆಟ್ ಬೀದಿಯ ಲಾಂಡ್ರಿಗೆ ಫೋನು ಮಾಡಿದಳು. ಕಜ್ಜಿ ಎಂಬ ಮಾತು ಕಿವಿಗೆ ಬಿದ್ದದ್ದೇ ತಡ, ಆ ಕಡೆಯ ಹೆಂಗಸು ಫೋನಿಟ್ಟಳು.

ಶನಿವಾರ ಡೆರಿಕ್ ಹೊಸ ಹೀಟರ್ ತಂದ. ಮೆಷೀನನ್ನು ಗೋಡೆಯಿಂದ ಎಳೆದು, ಮೈ ಕೆರೆದುಕೊಳ್ಳುತ್ತ, ಬೈಯುತ್ತ, ಮಧ್ಯಾಹ್ನವಿಡೀ ನೆಲದ ಮೇಲೆ ಕೂತು ಅದನ್ನು ಜೋಡಿಸಿದ. ನೀರು ಮತ್ತೆ ತಣ್ಣಗೇ ಇತ್ತು. ಭಾನುವಾರ ಅದನ್ನೇ ಕಿತ್ತು, ಮತ್ತೆ ಅದನ್ನೇ ಹಾಕಿದ.

"ಹೊಸದೂ ಕೆಟ್ಟಿದ್ದೇ ಕೊಟ್ಟವ್ರೆ, ಕಳ್ರು!" ಎಂದು ಸ್ಪ್ಯಾನರ್ ಎಸೆದ.

ಎರಡು ರಾತ್ರಿ ನಿದ್ದೆಯಿಲ್ಲದ ಲಿನೆಟ್‌ಗೆ ತಾಳ್ಮೆ ತಪ್ಪಿತು. ಡೆರಿಕ್‌ನ ಪೆಟ್ಟಿಗೆಯಿಂದ ತಂತಿ ಪರೀಕ್ಷಿಸುವ ಮೀಟರ್ ತೆಗೆದು, ಅವನು ಮೂಲೆಗೆಸೆದಿದ್ದ ಹಳೆಯ ಹೀಟರಿನ ಎರಡು ತುದಿಗೆ ಹಿಡಿದಳು. ಇಪ್ಪತ್ತಾರು ಓಮ್ ಎಂದು ತೋರಿಸಿತು; ಸುಟ್ಟುಹೋಗಿದ್ದರೆ ಅಂಕಿಯೇ ಬರುತ್ತಿರಲಿಲ್ಲ.

"ಇದಕ್ಕೇನಾಗಿದೆ? ಚೆನ್ನಾಗೇ ಇದೆಯಲ್ಲ! ಕಿತ್ತೆಸೆಯೋ ಮುಂಚೆ ಒಂದ್ಸಲ ಅಳೀಬಾರ್ದಿತ್ತಾ?"

ಪ್ಲಗ್ ಕಿತ್ತಿದೆಯೇ ಎಂದು ಇನ್ನೊಮ್ಮೆ ನೋಡಿ, ಲಿನೆಟ್ ಮೆಷೀನಿನ ಹಿಂದೆ ಮಂಡಿಯೂರಿದಳು. ಹೀಟರ್ ಪಕ್ಕದಲ್ಲೇ ನೀರಿನ ಬಿಸಿ ಅಳೆಯುವ ಪುಟ್ಟ ಸೆನ್ಸರ್ ಇತ್ತು. ಮೀಟರ್ ಹಿಡಿದರೆ ಅದೂ ಸರಿಯಾಗಿತ್ತು. ಅಲ್ಲಿಂದ ಹೊರಟ ಎರಡು ತಂತಿಗಳನ್ನು ಬೆರಳಿನಿಂದ ಸವರುತ್ತ ಹೋದಳು. ಒಂದನ್ನು ಮೆಲ್ಲಗೆ ಎಳೆದದ್ದೇ ಕೈಗೇ ಬಂತು. ಮೆಷೀನಿನ ತೊಟ್ಟಿಗೆ ಉಜ್ಜಿ ಉಜ್ಜಿ ಒಳಗೇ ತುಂಡಾಗಿತ್ತು; ನೀರಿನ ಬಿಸಿ ಎಷ್ಟೆಂದು ತಿಳಿಯದೆ ಮೆಷೀನು ಹೀಟರನ್ನು ಹೊತ್ತಿಸುತ್ತಲೇ ಇರಲಿಲ್ಲ.

"ಹೀಟರ್ ಅಲ್ಲ ಡೆರಿಕ್, ಇದು!"

"ಇಷ್ಟೇನಾ?" ಅವನ ದನಿ ಸಣ್ಣಗಾಯಿತು.

"ಇಷ್ಟೇ. ಮೂರು ದಿನ!"

ಡೆರಿಕ್ ತಂತಿಗೆ ಬೆಸುಗೆ ಹಾಕಿ ಮೆಷೀನು ಶುರುಮಾಡಿದ. ಅರ್ಧ ಗಂಟೆಯ ಮೇಲೆ ಗಾಜು ಬೆಚ್ಚಗಾಯಿತು. ಆಮೇಲೆ ಕೈಯಿಡಲಾಗದಷ್ಟು ಬಿಸಿಯಾಯಿತು. ಲಿನೆಟ್‌ಗೆ ಖುಷಿಯಾಗಲಿಲ್ಲ, ಅಳು ಬಂತು. ಅದೇ ದಿನ ಬಟ್ಟೆ ಒಗೆಯಲಾಗದ್ದರಿಂದ ಶುಕ್ರವಾರದ ಮುಲಾಮೆಲ್ಲ ದಂಡ. ಕಜ್ಜಿಯಿರುವಾಗ ವೃದ್ಧಾಶ್ರಮಕ್ಕೆ ಹೋಗುವಂತಿಲ್ಲ, ಸೋಮವಾರದ ಪಾಳಿಯೂ ಹೋಯಿತು.

"ಅಂಗಿ ತೆಗಿ," ಎಂದಳು ಡೆರಿಕ್‌ಗೆ. "ಪ್ಯಾಂಟೂ ತೆಗಿ. ಎಲ್ಲ ಮೊದಲಿಂದ ಶುರು ಮಾಡ್ಬೇಕು."

ಡೆರಿಕ್ ಅಡುಗೆಮನೆಯಲ್ಲೇ ಬಟ್ಟೆ ಬಿಚ್ಚತೊಡಗಿದ.